ನಳಿಗೆಯ ತುದಿ ಕಾಣುವ ಕಣ್ಣು

ಮಾಲೂರಿನಲ್ಲಿ ನಮಗೆ ರೈಫಲ್ ಹಿಡಿಯಲು ಕಲಿಸಿದ ಡ್ರಿಲ್ ಮೇಷ್ಟ್ರು ಸಿಟ್ಟಾದರೆ ಮೀಸೆ ತಿರುವುತ್ತಿದ್ದರು ಎಂದು ಮೊದಲು ಬರೆದೆ. ಈಗ ಮೀಸೆ ಇತ್ತೇ ಎಂಬುದೇ ಅನುಮಾನ. ಮಾತು ಮಾತ್ರ ನೆನಪಿದೆ: “ಗುರಿಹಲಗೆ ಮಸುಕಾಗ್ಲಿ ಕಣೋ, ನಳಿಗೆ ತುದಿ ಕಾಣ್ಬೇಕು.”

ಬಲಗಣ್ಣಿನ ಪೊರೆ ತೆಗೆಸುವಾಗ ಮೇಷ್ಟ್ರು ಡಾಕ್ಟರಿಗೂ ಇದನ್ನೇ ಹೇಳಿದ್ದರು. “ಈ ವಯಸ್ಸಲ್ಲಿ ಬಂದೂಕ್ಯಾಕೆ ತಾತ?” ಎಂದು ನಕ್ಕ ಆತ, ಬಲಗಣ್ಣಿಗೆ ದೂರದ್ದು ಕಾಣುವ ಲೆನ್ಸನ್ನೇ ಹಾಕಿದ. ಮೇಷ್ಟ್ರು ಗುರಿ ಹಿಡಿದಾಗ ಹಲಗೆ ಹೊಳೆಯಿತು, ನಳಿಗೆಯ ತುದಿ ಮಂಜಾಯಿತು. “ನನ್ ಕಣ್ಣಿಗೇನು ಬೇಕೂಂತ ಹೇಳೋಕೆ ಅವನ್ಯಾವನೋ?” ಎಂದು ನಮ್ಮೆದುರು ರೇಗಿದರು.

ಎಡಗಣ್ಣಿನ ಸರದಿಗೆ ಮೇಷ್ಟ್ರು ನಳಿಗೆಯುದ್ದದ ನೀಲಗಿರಿ ಕೋಲು ಒಯ್ದರು. ಅದನ್ನು ಕೆನ್ನೆಗೊತ್ತಿ ಡಾಕ್ಟರ ಮೂಗಿನವರೆಗೆ ಚಾಚಿದರು. “ಈ ತುದಿ ಕಾಣ್ಬೇಕು. ಈಗ ನಗಪ್ಪ.” ಆತ ನಗದೆ ಟೇಪು ತರಿಸಿ ಕಣ್ಣಿನಿಂದ ತುದಿಯವರೆಗೆ ಅಳೆದು, ಎಡಗಣ್ಣಿಗೆ ಆ ದೂರಕ್ಕೆ ಹೊಂದುವ ಲೆನ್ಸ್ ಹಾಕಿದ.

ಆಮೇಲೆ ಮೇಷ್ಟ್ರು ಬಂದೂಕನ್ನು ಎಡಭುಜಕ್ಕೆ ಬದಲಿಸಿ, ಡಾಕ್ಟರನ್ನು ಬೈಯುತ್ತಲೇ, ನಮ್ಮ ಸಾಲಿನ ಕೊನೆಯಲ್ಲಿ ನಿಂತು ಹೊಸದಾಗಿ ಕಲಿತರು.