ನಲ್ಲಿಯ ಹಿಡಿ ನನ್ನ ಜೇಬಿನಲ್ಲಿ

ನಲ್ಲಿ ಸುರಿಯುವ ಸದ್ದು ಅರ್ಧ ನಿಮಿಷ ಮೀರಿದರೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಡಾಕ್ಟರಿಗೆ ಹೇಳುವಂಥ ಕಾಯಿಲೆಯಲ್ಲ, ಮಳೆ ಕಾಣದ ರಾಯದುರ್ಗದಲ್ಲಿ ಹುಟ್ಟಿದವನ ಕಾಯಿಲೆ. ನಮ್ಮ ಮನೆಯಲ್ಲಿ ಸ್ನಾನ ನಿಂಬೆಗಿಡದ ಬುಡದ ಕಲ್ಲಿನ ಮೇಲೆ, ಅಕ್ಕಿ ತೊಳೆದ ನೀರು ಎಮ್ಮೆಗೆ. ಎರಡು ಕೆಲಸ ಮಾಡದೆ ನೀರು ನೆಲಕ್ಕೆ ಬಿದ್ದರೆ ಅವ್ವ ಅವತ್ತೆಲ್ಲ ಮಾತಾಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಕಂಡ ಅತಿ ದೊಡ್ಡ ನೀರೆಂದರೆ ಕಣೇಕಲ್ಲು ಕೆರೆ. ಅದರ ದಂಡೆಯಲ್ಲೂ ನಾನು ಅಪ್ಪನ ಅಂಗಿ ಹಿಡಿದುಕೊಂಡೇ ನಿಂತಿದ್ದೆ.

ಇಂಥವನು ನಾಲ್ಕು ವರ್ಷದಿಂದ ಕಡಲ ದಂಡೆಯ ಮೇಲಿದ್ದೇನೆ. ಅಲೆಗಳ ಮೇಲೆ ಹಲಗೆ ಹಾಕಿ ಜಾರುವವರ ಊರು ಇದು. ರಾಯದುರ್ಗದಲ್ಲಿ ಜೀನ್ಸ್ ಹೊಲಿದ ಕೈ ಇಲ್ಲಿ ಸರ್ಫ್ ಬೋರ್ಡುಗಳಿಗೆ ಚೀಲ ಹೊಲಿಯುತ್ತದೆ. ಇಲ್ಲಿ ಗಡಿಯಾರಕ್ಕೆ ಮರ್ಯಾದೆಯಿಲ್ಲ. ಅಲೆ ಚೆನ್ನಾಗಿ ಎದ್ದರೆ ಇಡ್ಲಿ ಹೋಟೆಲಿನವನೂ ಬಾಗಿಲು ಹಾಕಿ ನೀರಿಗಿಳಿಯುತ್ತಾನೆ. ಚೀಲಕ್ಕೆ ಅಳತೆ ಕೊಡಲು ಬಂದವರು ಅಂಗಡಿ ತುಂಬ ಮರಳಿನ ಹೆಜ್ಜೆ ಬಿಟ್ಟು ಹೋಗುತ್ತಾರೆ. ಎಣ್ಣೆ ಸವರದೆ ಬಿಟ್ಟ ಸೂಜಿ ಬೆಳಗಾಗುವಷ್ಟರಲ್ಲಿ ತುಕ್ಕು. ಇದೆಲ್ಲದರ ಬಗ್ಗೆಯೂ ನನಗೆ ಚಿಂತೆಯಿದೆ, ಆದರೆ ನೀರಿನ ಚಿಂತೆಗೆ ಮೊದಲ ಸ್ಥಾನ.

ನನ್ನ ಅಂಗಡಿ, ಅದರ ಹಿಂದೆ ನಮ್ಮ ಮನೆ, ಪಕ್ಕದಲ್ಲಿ ಸರ್ಫಿಂಗ್ ಕಲಿಸುವ ನಿಶಾಂತನ ಶೆಡ್ಡು, ಮೂರೂ ಇರುವುದು ನಮ್ಮ ಮನೆಯೊಡತಿ ಗಿರಿಜಕ್ಕನ ಅಂಗಳದಲ್ಲಿ. ಎಲ್ಲರಿಗೂ ಒಂದೇ ಬಾವಿ, ಅದರ ಪಂಪಿನಿಂದ ಅಂಗಳಕ್ಕೆ ಒಂದೇ ನಲ್ಲಿ. ಕಡಲಂಚಿನ ಬಾವಿಯ ಸ್ವಭಾವ ವಿಚಿತ್ರ. ಮರಳಿನೊಳಗೆ ಉಪ್ಪುನೀರಿನ ಮೇಲೆ ಸಿಹಿನೀರು ಹಗುರಾಗಿ ಕೂತಿರುತ್ತದಂತೆ, ಮೇಲಿನದನ್ನು ಎಳೆದಷ್ಟೂ ಕೆಳಗಿನದು ಏರುತ್ತದಂತೆ. ಎಲ್ಲೋ ಇದನ್ನು ಓದಿದೆ, ಅಂದಿನಿಂದ ನನಗೆ ಸರಿಯಾದ ನಿದ್ದೆಯಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಬಾವಿ ಉಪ್ಪಾಯಿತು. ಮಳೆ ಬರುವವರೆಗೆ ಅರವತ್ತೈದರ ಗಿರಿಜಕ್ಕ ಮೇಲಿನ ಕೇರಿಯಿಂದ ಕೊಡ ಹೊತ್ತರು. ಅವರ ಮೊಣಕಾಲು ಇನ್ನೂ ಸರಿಯಾಗಿಲ್ಲ.

ನಿಶಾಂತನ ಶಿಷ್ಯರು ದಿನಾ ಹತ್ತು ಮಂದಿ ಕಡಲಿನಿಂದ ಬಂದು ನಲ್ಲಿ ತೆರೆದು, ಹಲಗೆ ತೊಳೆದು, ಕಾಲು ತೊಳೆದು, ನಲ್ಲಿ ಹಾಗೇ ಬಿಟ್ಟು ಹರಟುತ್ತಿದ್ದರು. ನಾನು ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಓಡಿ ನಲ್ಲಿ ಮುಚ್ಚುತ್ತಿದ್ದೆ. ನನಗೆ ‘ನಲ್ಲಿ ಸಾರ್’ ಎಂದು ಹೆಸರಾಯಿತು. ಒಂದು ದಿನ ನಿಶಾಂತ ನಗುತ್ತಲೇ ಕೇಳಿದ: “ಎಂತ ಮಾರಾಯ್ರೆ, ಎದುರಿಗೆ ಅಷ್ಟು ದೊಡ್ಡ ಸಮುದ್ರ ಉಂಟು, ನಿಮಗೆ ನೀರಿನದ್ದೇ ಚಿಂತೆಯಾ?” ಇದಕ್ಕೆ ಒಳ್ಳೆಯ ಉತ್ತರ ನನಗೆ ಹೊಳೆದದ್ದು ಮೂರು ದಿನದ ಮೇಲೆ, ಜಿಪ್ಪು ಕೂಡಿಸುವಾಗ.

ಗಿರಿಜಕ್ಕನಿಗೆ ದೂರು ಹೇಳಿದರೆ, ನಿಶಾಂತ ಬಿಟ್ಟುಹೋದರೆ ಶೆಡ್ಡಿಗೆ ಇನ್ಯಾರು ಬರುತ್ತಾರೆ ಎಂದು ಸುಮ್ಮನಾದರು. ನನ್ನ ಹೆಂಡತಿ ಮಡಕಶಿರಾದ ಕಡೆಯವಳು. ನಾವು ಜಗಳವಾಡುವುದು ತೆಲುಗಿನಲ್ಲಿ, ಅಂಗಳದವರಿಗೆ ತಿಳಿಯದಿರಲಿ ಎಂದು. ಅಂದು ಮಾತ್ರ ಅವಳು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಅಂದಳು: “ಮನೇಲಿ ಹಲ್ಲಿ ಕಂಡ್ರೆ ಮಂಚ ಹತ್ತೋರು, ಊರ್ ನೀರಿಗೆ ಕಾವ್ಲು ಕಾಯಾಕ್ ಹೊಂಟವ್ರೆ.”

ಈ ಏಪ್ರಿಲ್‌ನ ಒಂದು ಬೆಳಿಗ್ಗೆ ಚಹಾ ತುಸು ಉಪ್ಪೆನಿಸಿತು. ನಿಮ್ಮ ನಾಲಿಗೆಗೂ ಹೆದರಿಕೆ ಹತ್ತಿದೆ ಎಂದು ನಕ್ಕ ಹೆಂಡತಿ, ತಾನೂ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ನಾನು ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ನಲ್ಲಿಯ ಹಿಡಿಯನ್ನೇ ಬಿಚ್ಚಿ ಜೇಬಿಗಿಳಿಸಿದೆ. ರಾಯದುರ್ಗದ ನಮ್ಮ ಬೀದಿಯ ನಲ್ಲಿಗೆ, ನೀರು ಬಿಡುವ ಹೊತ್ತು ಬಿಟ್ಟರೆ, ಹಿಡಿ ಇರುತ್ತಿರಲಿಲ್ಲ. ಕೊನೆಯ ಕೊಡ ತುಂಬಿದವರು ಬಿಚ್ಚಿಕೊಂಡು ಹೋಗಿ ಮರುದಿನ ತರುವುದು ಅಲ್ಲಿಯ ಕಾನೂನು. ಆ ಕಾನೂನನ್ನು ನಾನು ಕಡಲಿಗೆ ತಂದೆ.

ಹತ್ತು ಮಂದಿ ಬಂದು ಬೋಳು ನಲ್ಲಿ ನೋಡುತ್ತ ನಿಂತರು. ಹಿಡಿ ಕೊಡಿ ಎಂದ ನಿಶಾಂತ. ಈ ಸಲ ಅವನು ನಗುತ್ತಿರಲಿಲ್ಲ.

“ಕೊಡಂಗಿಲ್ರಿ,” ಎಂದೆ. “ಸಮುದ್ರ ದೊಡ್ಡದೈತಿ, ಖರೆ. ಆದ್ರ ಅದನ್ನ ಕುಡಿಯಾಕ ಬರ್ತತೇನು? ಹೋದ್ ವರ್ಷ ಗಿರಿಜಕ್ಕ ಕೊಡ ಹೊತ್ತಿದ್ದು ನೀವು ಹಲಗಿ ತೊಳದದ್ದಕ್ಕ.”

ಇನ್ನು ಮಾತಿಗಿಂತ ಮಾಡಿ ತೋರಿಸುವುದೇ ಸುಲಭವೆನಿಸಿತು. ಹಿಡಿ ಬಿಚ್ಚುವ ಮೊದಲೇ ಒಬ್ಬರಿಗೊಂದರಂತೆ ಅರ್ಧರ್ಧ ತುಂಬಿಟ್ಟ ಹತ್ತು ಬಕೆಟ್ಟು ತೋರಿಸಿದೆ. ಎರಡು ಸ್ಟೂಲುಗಳ ಮೇಲೆ ಹಲಗೆ ಅಡ್ಡಲಾಗಿಟ್ಟು, ಲುಂಗಿ ಎತ್ತಿಕಟ್ಟಿ, ಅದರ ಮೇಲೆ ಬಾಗಿ ತಲೆಗೆ ಒಂದು ಚೊಂಬು ಸುರಿದುಕೊಂಡೆ. ತಲೆಯ ನೀರು ಹಲಗೆಗೆ, ಹಲಗೆಯ ನೀರು ತೆಂಗಿನ ಬುಡಕ್ಕೆ. ಮಂದಿ ಬಿದ್ದು ಬಿದ್ದು ನಕ್ಕರು. ಒಣ ನೆಲದ ಮೇಲೆ ಸರ್ಫಿಂಗ್ ಮಾಡಿದ ಮೊದಲಿಗ ನಾನೇ ಇರಬೇಕು.

ನಾಳೆಯೇ ಶೆಡ್ಡು ಖಾಲಿ ಮಾಡುತ್ತೇನೆ ಎಂದ ನಿಶಾಂತ. ನಾನು ಗದ್ದಲ ಕೇಳಿ ಹೊರಬಂದಿದ್ದ ಗಿರಿಜಕ್ಕನ ಮುಖ ನೋಡಲಾರದೆ ಚೊಂಬು ನೋಡಿದೆ. ಅವರು ಕುಂಟುತ್ತ ಬಂದು ಅದನ್ನು ನನ್ನ ಕೈಯಿಂದ ತೆಗೆದು ಅವನಿಗೆ ನೀಡಿದರು. “ಹೋಗುವುದಾದರೆ ನಾಳೆ ಹೋಗಿ. ಇವತ್ತು ಇದರಲ್ಲಿ ಮೀಯಿರಿ.”

ಅವನು ಮಿಂದ. ಹೋಗಲಿಲ್ಲ.

ಈಗ ಮೇ ಅರ್ಧ ಕಳೆದಿದೆ, ಬಾವಿ ಸಿಹಿಯಾಗಿದೆ. ನನ್ನಿಂದಲೋ, ಬೇಗ ಬಿದ್ದ ಎರಡು ಮಳೆಯಿಂದಲೋ, ಗೊತ್ತಿಲ್ಲ. ಇನ್ನಾದರೂ ಹಿಡಿ ಕೊಡಿ ಎಂದು ನಿಶಾಂತ ವಾರಕ್ಕೊಮ್ಮೆ ಕೇಳುತ್ತಾನೆ. ಕೊಡುವುದಿಲ್ಲ. ಇದನ್ನು ಧೈರ್ಯವೆಂದು ತಿಳಿಯಬೇಡಿ. ನನ್ನಂಥ ಅಂಜುಬುರುಕ ಹಟ ಹಿಡಿದರೆ ಬಿಡಿಸುವುದು ಕಷ್ಟ, ಅಂಥವನಿಗೆ ಹಟ ಬಿಡಲಿಕ್ಕೂ ಹೆದರಿಕೆ.