ಅಂಗಳವನ್ನು ಅವರು ಜಾಲ್ ಎಂದರು

2008ರ ಜೂನ್ 9, ಸೋಮವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಶುರು ಮಾಡಿದೆ. ಮೆಲ್ಬರ್ನ್ ವಿಮಾನ ನಿಲ್ದಾಣ. ಸಿಡ್ನಿಗೆ ಹೋಗುವ ವಿಮಾನ ತಡ. ನಿನ್ನೆಯ ಕಂಪ್ಯೂಟರ್ ಆಟದ ಲೆಕ್ಕ: ಐದು ಸುತ್ತು, ಗೆಳತಿಯ ಜೋಡಿಗೆ ನಾಲ್ಕು, ನನಗೂ ಅವಳ ಮನೆಯ ಓನರ್ ಅಂಕಲ್‌ಗೂ ಸೇರಿ ಒಂದು. ಸೋತ ನಾಲ್ಕಕ್ಕಿಂತ ಗೆದ್ದ ಒಂದೇ ನನ್ನನ್ನು ಹೆಚ್ಚು ಕೊರೆಯುತ್ತಿದೆ.

ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಾನೂ ನನ್ನ ಗೆಳತಿಯೂ ಮೂರು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ತುಮಕೂರಿನವಳು, ಅವಳು ಉಡುಪಿಯವಳು. ಓದಲು ಒಟ್ಟಿಗೆ ಬಂದವರು. ಇಲ್ಲೇ ನೆಲೆಸಲು ಬೇಕಾದ ಪಿಆರ್ ಕೂಡ ಒಂದೇ ತಿಂಗಳಲ್ಲಿ ಸಿಕ್ಕಿತು. ಶನಿವಾರ ಬಟ್ಟೆ ಒಗೆದು, ಅಂಗಡಿಯಿಂದ ಕರಿಬೇವು, ಇಡ್ಲಿ ರವೆ ತಂದು, ಅನ್ನ ಸಾರು ಮುಗಿಸಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆವು. ಆಟ ಸರಳ. ಒಂದು ಹಳೆಯ ಕೋಟೆ, ಎರಡು ತಂಡ. ಎದುರಾಳಿಯ ಬಾವುಟ ಕದ್ದು ನಮ್ಮ ಕಡೆಗೆ ತರಬೇಕು.

ಇಂಟರ್‌ನೆಟ್‌ನಲ್ಲಿ ಆಡುವವರಿಗೆಲ್ಲ ನಮ್ಮ ಮಾತು ಕೇಳುತ್ತಿತ್ತು. ಹಾಗಾಗಿ ಕನ್ನಡದಲ್ಲಿ ಮಾತಾಡಿದೆವು, ಕೋಟೆಯ ಜಾಗಗಳಿಗೆ ಮನೆಯ ಹೆಸರಿಟ್ಟೆವು. ಮುಂದಿನ ಬಯಲು ಅಂಗಳ. ನೀರು ನಿಂತ ನೆಲಮಾಳಿಗೆ ಬಚ್ಚಲು. ಏಣಿ ಹತ್ತುವ ಬುರುಜು ಅಟ್ಟ. ಬಾವುಟವಿರುವ ಕತ್ತಲೆ ಕೋಣೆ ದೇವರಮನೆ. ಅಟ್ಟದಲ್ಲಿ ಇಬ್ಬರಿದ್ದಾರೆ, ನೀನು ದೇವರಮನೆಗೆ ನುಗ್ಗು ಎಂದು ಅವಳು ಕೂಗಿದರೆ ಯಾವ ದೇಶದ ಎದುರಾಳಿಗೂ ತಿಳಿಯುತ್ತಿರಲಿಲ್ಲ.

ಆಟ ನಿಂತರೆ ವಾದ. ಕಳೆದ ನವೆಂಬರಿನ ಇಲ್ಲಿಯ ಚುನಾವಣೆಯಲ್ಲಿ, ಪೌರತ್ವವಿಲ್ಲದ ನಮ್ಮಿಬ್ಬರಿಗೂ ಓಟಿರಲಿಲ್ಲ. ಆದರೂ ಯಾರು ಗೆಲ್ಲಬೇಕೆಂದು ವಾರಗಟ್ಟಲೆ ಕಾದಾಡಿದೆವು. ಮೊಬೈಲಿನಲ್ಲಿ ಇಂಟರ್‌ನೆಟ್ ನೋಡುವುದು ಬರೀ ಶೋಕಿ ಎನ್ನುವುದು ಅವಳ ಪಟ್ಟು. ಜಾಲತಾಣದಲ್ಲಿ ನೂರಾರು ಗೆಳೆಯರನ್ನು ಸೇರಿಸಿಕೊಳ್ಳುವವರಿಗೆ ಚಹಾ ಕುಡಿಯಲು ಒಬ್ಬರೂ ಸಿಗುವುದಿಲ್ಲ ಎನ್ನುವುದೂ ಅವಳದೇ ಮಾತು. ಯಾವ ವಾದ ಯಾರು ಗೆದ್ದರೆಂದು ನಾನು ದಿನಚರಿಯಲ್ಲಿ ಗೀಟು ಹಾಕುತ್ತಿದ್ದೆ. ಅವಳ ಗೀಟುಗಳೇ ಹೆಚ್ಚು. ಆಗ ಅದು ನನಗೇನೂ ಅನ್ನಿಸುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಅವಳಿಗೆ ಮೆಲ್ಬರ್ನಿನ ಒಂದು ಲ್ಯಾಬ್‌ನಲ್ಲಿ ಕೆಲಸವಾಯಿತು. ಅಲ್ಲಿಯ ಕ್ಲೇಟನ್‌ನಲ್ಲಿ ಕಾರ್ಕಳದ ಹುಡುಗಿಯೊಬ್ಬಳ ಜೊತೆ ಮನೆ ಹಂಚಿಕೊಂಡಳು. ಮಾರ್ಚಿನಲ್ಲಿ ನಾಲ್ಕು ಸಲ ನೆಟ್‌ನಲ್ಲಿ ಜೊತೆಯಾಗಿ ಆಡಿದೆವು, ಏಪ್ರಿಲಿನಲ್ಲಿ ಎರಡು ಸಲ, ಮೇ ತಿಂಗಳಲ್ಲಿ ಇಲ್ಲವೇ ಇಲ್ಲ. ಫೋನ್ ಮಾಡಿದರೆ ಕಾರ್ಕಳದವಳದೇ ಸುದ್ದಿ. ಅವಳು ಮೀನು ಸಾರು ಮಾಡಿದಳು, ಅವಳು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಳು, ಅವಳು ಹೀಗೆ ಹೇಳುತ್ತಾಳೆ. ಒಂದು ಕರೆಯಲ್ಲಿ ಅವಳ ಮಾತು ಹನ್ನೊಂದು ಸಲ ಬಂದದ್ದನ್ನು ಎಣಿಸಿದೆ. ಚುಚ್ಚಿದ್ದು ಅದಲ್ಲ. ಮೊಬೈಲಿನಲ್ಲಿ ಇಂಟರ್‌ನೆಟ್ ಇಲ್ಲದೆ ನೀನು ಈ ಕಾಲದಲ್ಲಿ ಹೇಗಿದ್ದೀಯೆಂದು ಗೆಳತಿ ನನ್ನನ್ನೇ ಕೇಳಿದಳು. ನಾನು ಮೂರು ವರ್ಷ ವಾದಿಸಿ ಅಲುಗಿಸಲಾಗದ ಅಭಿಪ್ರಾಯವನ್ನು ಇನ್ನೊಬ್ಬಳು ಮೂರು ತಿಂಗಳಲ್ಲಿ ಬುಡಸಮೇತ ಕಿತ್ತಿದ್ದಳು.

ಹಾಗಿರುವಾಗ ಲಾಂಗ್ ವೀಕೆಂಡಿಗೆ ಬಾ ಎಂದು ಕರೆದಳು. ಅವರ ಮನೆಯ ಓನರ್ ಮೈಸೂರಿನ ಅಂಕಲ್. ಗ್ಯಾರೇಜಿನಲ್ಲಿ ನಾಲ್ಕು ಕಂಪ್ಯೂಟರ್ ಜೋಡಿಸಿ ಕೊಡುತ್ತಾರಂತೆ, ಇಬ್ಬರಿಬ್ಬರ ತಂಡವಂತೆ. ನನ್ನ ಜೋಡಿ ಯಾರೆಂದು ನಾನು ಕೇಳಲಿಲ್ಲ. ಕೇಳುವ ವಿಷಯವೆಂದೇ ತೋರಲಿಲ್ಲ. ಅವಳಿಗೆ ಇಷ್ಟವಾದ ಚಟ್ನಿಪುಡಿ ಕಟ್ಟಿಸಿಕೊಂಡು ಶನಿವಾರ ಬಂದಿಳಿದೆ.

ಭಾನುವಾರ ಗ್ಯಾರೇಜಿಗೆ ಹೋದಾಗ ಅವಳ ಪಕ್ಕದ ಕುರ್ಚಿಯ ಮೇಲೆ ಕಾರ್ಕಳದವಳ ಶಾಲು ಇತ್ತು. ನಾನು ನಿಂತೇ ಇದ್ದೆ.

"ಎಂತ ಮಾರಾಯ್ತಿ, ನೀನು ಅಂಕಲ್ ಒಟ್ಟಿಗೆ ಕೂತ್ಕೊ," ಎಂದಳು ಗೆಳತಿ. "ನಾವಿಬ್ರು ಪ್ರಾಕ್ಟೀಸ್ ಮಾಡಿದ್ದೇವೆ ಅಲ್ವಾ."

ಕಾರ್ಕಳದವಳು ಎದ್ದು ನನಗೊಂದು ದಿಂಬು ತಂದುಕೊಟ್ಟಳು, ಚಹಾಕ್ಕೆ ಸಕ್ಕರೆ ಎಷ್ಟೆಂದು ಕೇಳಿದಳು. ಒಳ್ಳೆಯ ಹುಡುಗಿ. ಸಿಟ್ಟು ಮಾಡಿಕೊಳ್ಳಲು ಒಂದು ನೆಪವನ್ನೂ ಕೊಡಲಿಲ್ಲ.

ಆಟ ಶುರುವಾದ ಕೂಡಲೇ ಅವರಿಬ್ಬರೂ ತುಳುವಿಗೆ ತಿರುಗಿದರು. ಆ ಭಾಷೆಯನ್ನು ನಾನು ಕೇಳಿದ್ದು ಅವಳು ಅಮ್ಮನಿಗೆ ಫೋನ್ ಮಾಡಿದಾಗ ಮಾತ್ರ. ಎದುರಿಗೇ ಕೂತಿದ್ದಾರೆ, ಎಲ್ಲವೂ ಕೇಳುತ್ತದೆ, ಒಂದೂ ತಿಳಿಯುವುದಿಲ್ಲ. ಇಷ್ಟು ದಿನ ಬೇರೆಯವರಿಗೆ ನಾವು ಹಾಕಿದ್ದ ಬಾಗಿಲು ಈಗ ನನ್ನ ಮುಖದ ಮುಂದೆ ಮುಚ್ಚಿತ್ತು. ಎರಡನೇ ಸುತ್ತಿನ ಹೊತ್ತಿಗೆ ಒಂದು ಪದ ಹಿಡಿದೆ. ಮುಂದಿನ ಬಯಲಿಗೆ ಓಡುವಾಗಲೆಲ್ಲ ಜಾಲ್, ಜಾಲ್ ಎನ್ನುತ್ತಿದ್ದರು. ಅಂದರೆ ಅಂಗಳ. ನಾವಿಬ್ಬರು ಕಟ್ಟಿದ ಮನೆಯನ್ನು ಅವಳು ಹಾಗೆಯೇ ಎತ್ತಿಕೊಂಡು ಹೋಗಿ, ಬರೀ ಹೆಸರು ಬದಲಿಸಿ, ಇನ್ನೊಬ್ಬಳನ್ನು ಒಳಗೆ ಕೂರಿಸಿದ್ದಳು.

ನನ್ನ ಜೋಡಿಯಾದ ಅಂಕಲ್ ಅಂಗಳದ ನಟ್ಟನಡುವೆ ನಿಂತು ರಾಜಕೀಯ ಮಾತಾಡುತ್ತಿದ್ದರು. ನಾಲ್ವರಲ್ಲಿ ಓಟಿದ್ದವರು ಅವರೊಬ್ಬರೇ.

"ನೋಡಮ್ಮ, ಸರ್ಕಾರ ಬದಲಾದ್ರೆ ಮಾರ್ಟ್‌ಗೇಜ್ ಇಳಿಯುತ್ತೆ ಅಂತ ಓಟ್ ಹಾಕ್ದೆ. ಎಲ್ಲಿ ಇಳೀತು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಓ, ನಾನು ಸತ್ತೆ ಅನ್ಸುತ್ತೆ," ಎಂದರು.

ಕೊನೆಯ ಸುತ್ತಿನಲ್ಲಿ ಅಂಕಲ್ ಬೇಗನೇ ಸತ್ತರು. ನಾನೊಬ್ಬಳೇ ನೆಲಮಾಳಿಗೆಯ ನೀರಿನಲ್ಲಿ ಅಡಗಿದ್ದೆ. ಗೆಳತಿ ಮೆಟ್ಟಿಲಿನಿಂದ ನನ್ನನ್ನು ಕಂಡಳು. ಕಂಡವಳೇ ಜೋಡಿಗೆ ಕೂಗಿದಳು. "ಬಚ್ಚಲಲ್ಲಿದ್ದಾಳೆ." ಕನ್ನಡದಲ್ಲಿ.

ಕಾರ್ಕಳದವಳು ದೇವರಮನೆಯ ಕಾವಲು ಬಿಟ್ಟು ಬಚ್ಚಲಿಗೆ ಓಡಿದಳು. ಅಷ್ಟರಲ್ಲಿ ನಾನು ಹಿಂಬಾಗಿಲಿನಿಂದ ಹೊರಬಿದ್ದು ಬಾವುಟ ಎತ್ತಿಕೊಂಡು ನಮ್ಮ ಕಡೆ ತಲುಪಿದ್ದೆ. ಅಂಕಲ್ ಚಪ್ಪಾಳೆ ತಟ್ಟಿದರು. ಕಾರ್ಕಳದವಳು ನನ್ನ ಗೆಳತಿಗೆ ತುಳುವಿನಲ್ಲಿ ಏನೋ ಅಂದಳು, ಇಬ್ಬರೂ ನಕ್ಕರು. ಗೆದ್ದವಳು ನಾನು, ನಗುವಿನ ಹೊರಗಿದ್ದವಳೂ ನಾನೇ.

ಇವತ್ತು ವಿಮಾನ ನಿಲ್ದಾಣಕ್ಕೆ ಬಿಡಲು ಅವಳೊಬ್ಬಳೇ ಕಾರು ತಂದಳು. ಆಗಸ್ಟಿನಲ್ಲಿ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಕನ್ನಡದವರೆಲ್ಲ ಸೇರಿ ಮೂವರ ತಂಡದ ಆಟ ಇಟ್ಟುಕೊಂಡಿದ್ದಾರೆ, ತಾನೂ ಕಾರ್ಕಳದವಳೂ ಬರುತ್ತೇವೆ ಎಂದಳು. ಮೂರನೆಯವರು ಯಾರೆಂದು ಕೇಳಿದೆ.

"ನೀನೇ ಆಗ್ಬಹುದಿತ್ತು. ಆದ್ರೆ ಅಲ್ಲಿ ಕನ್ನಡದಲ್ಲಿ ಕೂಗಿದ್ರೆ ಎಲ್ರಿಗೂ ಗೊತ್ತಾಗ್ತದೆ. ನಿಂಗೆ ತುಳು ಬರುದಿಲ್ಲ ಅಲ್ಲ."

"ನಿನ್ನೆ ನೀನೇ ಕನ್ನಡದಲ್ಲಿ ಕೂಗಿದೆ," ಎಂದೆ.

"ಬಾಯಿಗೆ ಬಂತು ಮಾರಾಯ್ತಿ. ಬಚ್ಚಲಲ್ಲಿ ಯಾವಾಗ್ಲೂ ಅಡಗುದು ನೀನಲ್ವಾ." ಸಿಗ್ನಲ್ ಹಸಿರಾಯಿತು. "ಮೂರನೇದು ಯಾರಾದ್ರೂ ಸಿಗ್ತಾರೆ. ನೋಡುವ."

ಆ ಮೂರನೇ ಕುರ್ಚಿ ಬೇರೆ ಯಾರಿಗೂ ಸಿಗಬಾರದು. ತುಳು ಕಲಿಸು ಎಂದು ಅವಳನ್ನು ಕೇಳಲಾರೆ. ಕೇಳಿದರೆ ರಾತ್ರಿ ಊಟಕ್ಕೆ ಕೂತಾಗ ಅದು ಕಾರ್ಕಳದವಳ ಕಿವಿಗೂ ಬೀಳುತ್ತದೆ. ಆಗಸ್ಟಿನಲ್ಲಿ ಅವರಿಬ್ಬರ ಮುಂದೆ ಒಂದೇ ಸಲಕ್ಕೆ ಬಾಯಿ ತೆರೆಯಬೇಕು. ನನ್ನಲ್ಲಿರುವುದು ಒಂದು ಪದ. ಬಚ್ಚಲಿಗೆ, ಅಟ್ಟಕ್ಕೆ, ದೇವರಮನೆಗೆ, ಹಿಂದೆ ತಿರುಗಿ ನೋಡು ಎನ್ನುವುದಕ್ಕೆ, ನಾನೂ ಇಲ್ಲೇ ಇದ್ದೇನೆ ಎನ್ನುವುದಕ್ಕೆ ತುಳುವಿನಲ್ಲಿ ಏನೆನ್ನುತ್ತಾರೆಂದು ಬಲ್ಲವರು ಯಾರಾದರೂ ಇದನ್ನು ಓದಿದರೆ, ಜುಲೈ ಮುಗಿಯುವುದರೊಳಗೆ ನನಗೆ ಬರೆದು ತಿಳಿಸಿ. ಉಡುಪಿಯ ಕಡೆಯ ಉಚ್ಚಾರವಾದರೆ ಇನ್ನೂ ಒಳ್ಳೆಯದು.