ಹಾಲುಮನೆಯ ಹೊಸ್ತಿಲಲ್ಲಿ ಐದು ಜೊತೆ ಶೂ

ಅಮೆರಿಕದ ಷಾರ್ಲೆಟ್ ನಗರದಿಂದ ಒಂದು ಗಂಟೆ ಡ್ರೈವ್ ಮಾಡಿದರೆ ವಿಕ್ಟೋರಿಯಾ ರಾಣಿಯ ಕಾಲದ ಒಂದು ಮಾದರಿ ಫಾರ್ಮ್ ಸಿಗುತ್ತದೆ. ಅಲ್ಲಿ ಬೆಣ್ಣೆ ಕಡೆಯಲೆಂದೇ ಕಟ್ಟಿದ ಕಲ್ಲಿನ ಹಾಲುಮನೆಯೊಂದಿದೆ. ನೆಲ ಜಾರುತ್ತದೆಯೇ, ಒಳಗೆ ಜನರನ್ನು ಬಿಡಬಹುದೇ ಎಂದು ವರದಿ ಕೊಡುವುದು ನನ್ನ ಕೆಲಸ. ನಾನು ಬೇಡವೆಂದರೆ ಬಾಗಿಲಿಗೆ ಬೀಗ. ತಿಂಗಳುಗಟ್ಟಲೆ ಅದನ್ನು ಉಜ್ಜಿ ತೊಳೆದಿದ್ದ ಮುದುಕ ಗೈಡ್ ನನ್ನ ಮುಖವನ್ನೇ ನೋಡುತ್ತಿದ್ದ.

ತಗ್ಗು ಬಾಗಿಲು, ಒಳಗೆ ಕತ್ತಲೆ, ತಣ್ಣನೆಯ ಕಲ್ಲು, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ತಲೆ ಬಗ್ಗಿಸಿ ಒಳಗೆ ಹೋದ ಮೇಲೆಯೇ ನನಗೆ ಗೊತ್ತಾಗಿದ್ದು, ಶೂ, ಸಾಕ್ಸ್ ಎರಡನ್ನೂ ಹೊರಗೆ ಬಿಟ್ಟು ಬಂದಿದ್ದೇನೆಂದು. ತಿರುಗಿ ನೋಡಿದರೆ ಗೈಡ್ ಜೊತೆಗಿದ್ದ ನಾಲ್ವರು ಸ್ವಯಂಸೇವಕರೂ ಗಂಭೀರವಾಗಿ ಶೂ ಬಿಚ್ಚಿ ಸಾಲಾಗಿ ಇಡುತ್ತಿದ್ದಾರೆ.

"ಇದು ಹೊಸ ರೂಲಾ, ಮ್ಯಾಮ್?" ಎಂದ ಗೈಡ್.

"ಅಲ್ಲ, ಅಭ್ಯಾಸ. ನಮ್ಮ ಕಡೆ ಇಂಥ ಜಾಗದಲ್ಲಿ ದೇವರಿರುತ್ತಾನೆ."

"ಇಲ್ಲಿ ಬರೀ ಬೆಣ್ಣೆ ಇತ್ತು, ಮ್ಯಾಮ್."

"ಹಾಗಾದರೆ ಖಂಡಿತ ಬಂದಿರುತ್ತಾನೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ಬೂಟು ಹಾಕಿಕೊಂಡೇ ಒಳಗೆ ಕಾಲಿಟ್ಟ, ಸರ್ರನೆ ಜಾರಿ ನನ್ನ ಭುಜ ಹಿಡಿದುಕೊಂಡ. ಬರಿಗಾಲಿನ ಐವರೂ ಅಲುಗಾಡದೆ ನಿಂತಿದ್ದೆವು.

"ನಾನು ಬೀಳಲಿಲ್ಲ. ದಯವಿಟ್ಟು ಬರೀಬೇಡಿ," ಎಂದ ಮೆಲ್ಲಗೆ.

ಬೀಗ ಹಾಕಿಸಲು ನನಗೂ ಮನಸ್ಸು ಬರಲಿಲ್ಲ. 'ಬರಿಗಾಲಿನಲ್ಲಿ ಮಾತ್ರ ಪ್ರವೇಶ ಕೊಡಬಹುದು' ಎಂದು ಬರೆದು ಕಳಿಸಿದೆ. ಇದು ಯಾವ ಸುರಕ್ಷತಾ ನಿಯಮದ ಪ್ರಕಾರ ಎಂದು ಆಫೀಸಿನವರು ಕೇಳಿದ್ದಾರೆ. ಬೆಣ್ಣೆಯ ವಿಷಯ ತಿಳಿಸಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.